ವಸೂಲಿಯವರ ಕರೆಗಳ ವಿಷಯ: ಭಾನುವಾರದ ಸಭೆಗೆ ಮೊದಲು ಎಲ್ಲರೂ ಓದಿ

ಕಾರ್ಯದರ್ಶಿ, 2ನೇ ತಿರುವು:
ಎಲ್ಲರಿಗೂ ನಮಸ್ಕಾರ. ಚರಂಡಿಯ ಚರ್ಚೆಯನ್ನು ಸದ್ಯಕ್ಕೆ ಬದಿಗಿಡೋಣ. ನಮ್ಮ ಗೋಪಾಳ ಬಡಾವಣೆಯ ಚರಂಡಿ ಈ ಮಳೆಗಾಲದಲ್ಲಿ ಎಲ್ಲಿಗೂ ಹೋಗುವುದಿಲ್ಲ. 4ನೇ ತಿರುವಿನ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಕುಟುಂಬ ಯುಗಾದಿಯ ಹೊತ್ತಿಗೆ ಮನೆ ಖಾಲಿ ಮಾಡಿತು. ಅವರ ಸಾಲ ಕೇಳಿಕೊಂಡು ವಸೂಲಿಯವರು ನಮ್ಮಲ್ಲಿ ಹಲವರಿಗೆ ಹೊತ್ತುಗೊತ್ತಿಲ್ಲದೆ ಕರೆ ಮಾಡುತ್ತಿದ್ದಾರೆ. ನಿನ್ನೆಯಂತೂ ಸಂಬಂಧವೇ ಇಲ್ಲದ ಮನೆಯ ಗೇಟಿಗೆ ಕಾಗದ ಅಂಟಿಸಿ ಹೋಗಿದ್ದಾರೆ. ಯಾರಿಗೆ, ಯಾವಾಗ, ಯಾವ ಸಂಖ್ಯೆಯಿಂದ ಕರೆ ಬಂತು, ಏನು ಹೇಳಿದರು ಎಂಬುದನ್ನು ಇಲ್ಲಿ ಬರೆಯಿರಿ. ಶುಭೋದಯದ ಚಿತ್ರಗಳನ್ನು ದಯವಿಟ್ಟು ಎರಡು ದಿನ ತಡೆಹಿಡಿಯಿರಿ.

ಮಾತೃಛಾಯಾ, 4ನೇ ತಿರುವು:
ಆ ಗೇಟು ನಮ್ಮದು. ಮೈದಾ ಅಂಟು ಬಳಿದು ಹಚ್ಚಿದ್ದರು. ರಾತ್ರಿಯ ಮಳೆಗೆ ಹೆಸರೂ ಮೊತ್ತವೂ ನೀಲಿಯಾಗಿ ಕೆಳಗಿಳಿದು, ‘ಸಾಲಗಾರ’ ಎಂಬ ದಪ್ಪ ಅಕ್ಷರ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಅದರ ಪಕ್ಕದಲ್ಲೇ ನಮ್ಮ ಮನೆಯ ಹೆಸರಿನ ಫಲಕ! ಹಾಲಿನವರಿಂದ ಹಿಡಿದು ಟ್ಯೂಷನ್‌ಗೆ ಬರುವ ಮಕ್ಕಳವರೆಗೆ ಎಲ್ಲರೂ ಓದಿಕೊಂಡು ಹೋದರು. ನಮಗಿರುವುದು ಗೃಹಸಾಲ ಒಂದೇ, ಅದರ ಕಂತು ಒಮ್ಮೆಯೂ ತಪ್ಪಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು.

ಸಹ್ಯಾದ್ರಿ ನಿಲಯ, ಮಹಡಿ:
ನನಗೆ ಆ ಕುಟುಂಬದ ಪರಿಚಯವಿದ್ದದ್ದು ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಖರ್ಚನ್ನು ಹಂಚಿಕೊಂಡಷ್ಟೇ. ಆದರೂ ರಾತ್ರಿ ಒಂಬತ್ತೂವರೆಗೆ ಕರೆ. ‘ನೀವು ರೆಫರೆನ್ಸ್, ಅವರು ಕಟ್ಟದಿದ್ದರೆ ನೀವೇ ಕಟ್ಟಬೇಕು, ಇಲ್ಲದಿದ್ದರೆ ನಿಮ್ಮ ಕಚೇರಿಗೆ ಬರುತ್ತೇವೆ’ ಎಂದರು. ಯಾವ ಸಂಸ್ಥೆ ಎಂದು ಕೇಳಿದ ಕೂಡಲೇ ಫೋನ್ ಇಟ್ಟರು. ನಾನು ನಿಜವಾಗಿಯೂ ಕಟ್ಟಬೇಕಾಗುತ್ತದೆಯೇ?

ನಿವೃತ್ತ ಬ್ಯಾಂಕ್ ನೌಕರ, 1ನೇ ತಿರುವು:
ಇಲ್ಲ, ಒಂದು ರೂಪಾಯಿಯೂ ಬೇಡ. ನಮ್ಮ ಹೆಸರು ಮತ್ತು ಸಂಖ್ಯೆಯನ್ನು ಯಾರೋ ಅರ್ಜಿಯಲ್ಲಿ ಬರೆದ ಮಾತ್ರಕ್ಕೆ ನಾವು ಸಾಲಕ್ಕೆ ಹೊಣೆಯಾಗುವುದಿಲ್ಲ. ಹೊಣೆ ಬರುವುದು ಸಾಲಗಾರನಾಗಿ, ಸಹಸಾಲಗಾರನಾಗಿ ಅಥವಾ ಜಾಮೀನುದಾರನಾಗಿ ಕರಾರಿಗೆ ಒಪ್ಪಿಗೆ ಕೊಟ್ಟವರಿಗೆ. ‘ಹಾಗಾದರೆ ನಾನು ಸಹಿ ಹಾಕಿದ ಜಾಮೀನು ಪತ್ರದ ಪ್ರತಿ ಕಳುಹಿಸಿ’ ಎಂದು ಕೇಳಿ. ಇಲ್ಲದ ಪತ್ರವನ್ನು ಎಲ್ಲಿಂದ ಕಳುಹಿಸುತ್ತಾರೆ?

ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ 12ರಂದು ವಸೂಲಿ ಏಜೆಂಟರ ಬಗ್ಗೆ ಹೊರಡಿಸಿದ ಸುತ್ತೋಲೆಯನ್ನು ಮುದ್ರಿಸಿ ಭಾನುವಾರ ತರುತ್ತೇನೆ. ಅದರ ಪ್ರಕಾರ ಬಾಕಿ ವಸೂಲಿಗೆ ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲಗಾರನಿಗೇ ಕರೆ ಮಾಡುವಂತಿಲ್ಲ. ಪಕ್ಕದ ಮನೆಯವರಿಗೆ ರಾತ್ರಿ ಒಂಬತ್ತೂವರೆಗೆ ಮಾಡುವುದಂತೂ ದೂರದ ಮಾತು. ಸಾಲಗಾರನ ಮನೆಯವರು, ಸ್ನೇಹಿತರು, ರೆಫರೆನ್ಸ್ ಎಂದು ಹೆಸರಿಸಲಾದವರು, ಇವರ ಖಾಸಗಿತನಕ್ಕೆ ಕೈಹಾಕುವುದನ್ನೂ ಸಾರ್ವಜನಿಕವಾಗಿ ಅವಮಾನಿಸುವುದನ್ನೂ ಅದು ಹೆಸರಿಸಿಯೇ ನಿಷೇಧಿಸಿದೆ. ಗೇಟಿನ ಕಾಗದ ನೇರವಾಗಿ ಇದರಡಿ ಬರುತ್ತದೆ. ಹೊರಗಿನ ಏಜೆನ್ಸಿಯವರು ಮಾಡಿದ್ದು ಎಂದು ಸಾಲ ಕೊಟ್ಟ ಸಂಸ್ಥೆ ಕೈತೊಳೆದುಕೊಳ್ಳುವಂತಿಲ್ಲ. ಮನೆಗೆ ಬರುವ ಏಜೆಂಟರ ಬಳಿ ಗುರುತಿನ ಚೀಟಿ, ಸಂಸ್ಥೆ ಕೊಟ್ಟ ಅಧಿಕಾರ ಪತ್ರ ಎರಡೂ ಇರಬೇಕು. ಅವನ್ನು ಕೇಳುವುದು ಒರಟುತನವಲ್ಲ. ನಮ್ಮವರಿಗೆ ಬಂದವರನ್ನು ಕೂರಿಸಿ ಕಾಫಿ ಕೊಡುವ ಸಂಕೋಚ ಜಾಸ್ತಿ, ಅದಕ್ಕೇ ಹೇಳಿದೆ.

ಸಹ್ಯಾದ್ರಿ ನಿಲಯ, ಮಹಡಿ:
ಧನ್ಯವಾದ ಸರ್. ನನ್ನ ಸಂಖ್ಯೆ ಅವರಿಗೆ ಸಿಕ್ಕಿದ್ದು ಹೇಗೆ?

ನಿವೃತ್ತ ಬ್ಯಾಂಕ್ ನೌಕರ, 1ನೇ ತಿರುವು:
ಸಾಲದ ಆಪ್ ಹಾಕಿಕೊಳ್ಳುವಾಗ ಫೋನಿನಲ್ಲಿರುವ ಸಂಪರ್ಕಗಳ ಪಟ್ಟಿಗೆ ಅನುಮತಿ ಒತ್ತಿರಬಹುದು. ಡಿಜಿಟಲ್ ಸಾಲದ ಆಪ್‌ಗಳು ಆ ಪಟ್ಟಿಯನ್ನು ಮುಟ್ಟಬಾರದೆಂದು 2022ರ ಸೆಪ್ಟೆಂಬರ್‌ನಲ್ಲೇ ಮಾರ್ಗಸೂಚಿ ಬಂದಿದೆ. ನಿಯಮ ಮೀರಿ ಪಟ್ಟಿ ಎತ್ತುವ ಆಪ್‌ಗೆ ಅಧಿಕೃತ ಸಂಸ್ಥೆಯ ಬೆಂಬಲವಿದೆಯೇ ಎಂಬುದೇ ಅನುಮಾನ. ಅಂಥವರ ಮೇಲೆ ರಿಸರ್ವ್ ಬ್ಯಾಂಕಿನ ‘ಸಚೇತ್’ ಜಾಲತಾಣದಲ್ಲಿ ದೂರು ಕೊಡಬಹುದು. ಇನ್ನೊಂದು ಮಾತು: ‘ಸ್ವಲ್ಪ ಕಟ್ಟಿ, ಹೆಸರು ತೆಗೆಯುತ್ತೇವೆ’ ಎಂದು ಕೊಂಡಿ ಕಳುಹಿಸಿದರೆ ಒತ್ತಬೇಡಿ. ಕಟ್ಟಿ ಮೋಸಹೋದವರಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ. ತಡವಾದಷ್ಟೂ ದುಡ್ಡು ಕೈಗೆ ಸಿಗದಷ್ಟು ದೂರ ಹೋಗಿರುತ್ತದೆ.

ಶ್ರೀನಿಧಿ, 5ನೇ ತಿರುವು:
ನಮ್ಮದು ಬೇರೆಯೇ ಕಥೆ. ಅಮ್ಮನಿಗೆ ಹೊಸ ಸಿಮ್ ಕೊಡಿಸಿದೆವು. ಕರೆ ಮಾಡುವವರು ಅಮ್ಮನನ್ನು ಯಾವುದೋ ಊರಿನ ಗಂಡಸಿನ ಹೆಸರಿನಲ್ಲಿ ಕರೆದು ಟ್ರ್ಯಾಕ್ಟರ್ ಕಂತು ಕೇಳುತ್ತಾರೆ. ಅಮ್ಮ ಪ್ರತಿ ಸಲವೂ ‘ನಮ್ಮಲ್ಲಿ ಟ್ರ್ಯಾಕ್ಟರ್ ಇಲ್ಲಪ್ಪ, ಅರ್ಧ ಎಕರೆ ತೋಟಕ್ಕೆ ಟ್ರ್ಯಾಕ್ಟರ್ ಏಕೆ’ ಎಂದು ವಿವರಿಸುತ್ತಾ ಕೂರುತ್ತಾರೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ ಖರ್ಚಿನ ಲೆಕ್ಕವನ್ನೂ ಒಪ್ಪಿಸಿದ್ದಾರೆ.

ನಿವೃತ್ತ ಬ್ಯಾಂಕ್ ನೌಕರ, 1ನೇ ತಿರುವು:
ಅದು ಹಿಂದೆ ಬೇರೆಯವರ ಬಳಿಯಿದ್ದ ಸಂಖ್ಯೆ. ಸ್ಥಗಿತಗೊಂಡ ಸಂಖ್ಯೆಯನ್ನು 90 ದಿನ ಕಳೆದ ಮೇಲೆ ಮತ್ತೊಬ್ಬರಿಗೆ ಕೊಡುತ್ತಾರೆ; ಸಾಲದ ಕಡತದಲ್ಲಿ ಹಳೆಯದೇ ಉಳಿದಿರುತ್ತದೆ. ‘ಈ ಸಂಖ್ಯೆ ಈಗ ನನ್ನದು, ನಿಮ್ಮ ಗ್ರಾಹಕರು ನನಗೆ ಗೊತ್ತಿಲ್ಲ, ದಾಖಲೆಯಿಂದ ತೆಗೆಯಿರಿ’ ಎಂದು ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಲಿಖಿತವಾಗಿ ಕಳುಹಿಸಿ. ಸಿಮ್ ಕೊಂಡ ದಿನದ ರಸೀದಿ ಇದ್ದರೆ ಲಗತ್ತಿಸಿ. ತಾಯಿಯವರು ತಮ್ಮ ಹೆಸರು, ಊರು, ತೋಟದ ವಿವರ ಏನನ್ನೂ ಹೇಳುವುದು ಬೇಡ. ನೀವು ಹೇಳಿದ ವಿವರವೇ ನಾಳೆ ಅವರ ಬಾಯಲ್ಲಿ ಬೆದರಿಕೆಯಾಗಿ ಹಿಂದಿರುಗುತ್ತದೆ.

ಗಣೇಶ ಪ್ರಸಾದ, 3ನೇ ತಿರುವು:
ಇಷ್ಟೆಲ್ಲ ಏಕೆ? ಮನೆ ಖಾಲಿ ಮಾಡಿದವರು ಈಗ ಎಲ್ಲಿದ್ದಾರೆಂದು ನನಗೆ ಗೊತ್ತು. ವಿಳಾಸ ಇಲ್ಲೇ ಹಾಕುತ್ತೇನೆ, ಮುಂದಿನ ಸಲ ಕರೆ ಬಂದಾಗ ಎಲ್ಲರೂ ಅದನ್ನೇ ಕೊಟ್ಟುಬಿಡಿ. ಪೀಡೆ ತೊಲಗುತ್ತದೆ.

ಕಾರ್ಯದರ್ಶಿ, 2ನೇ ತಿರುವು:
ಹಾಕಬೇಡಿ. ಹಾಕಿದರೆ ಅಳಿಸುತ್ತೇನೆ. ಅವರು ಸಾಲ ತೀರಿಸಬೇಕು ಎಂಬುದರಲ್ಲಿ ನನಗೆ ಎರಡನೇ ಮಾತಿಲ್ಲ. ಆದರೆ ಅವರನ್ನು ಹುಡುಕಿಕೊಡುವುದು ನಮ್ಮ ಸಂಘದ ಕೆಲಸವಲ್ಲ. ಸಂಸ್ಥೆಗೆ ನೋಟಿಸು ಇದೆ, ನ್ಯಾಯಾಲಯವಿದೆ. ನಮ್ಮ ಗೇಟಿಗೆ ಕಾಗದ ಅಂಟಿಸಿದವರು ಆ ಮನೆಯ ಎರಡು ಮಕ್ಕಳು ಹೋಗುವ ಶಾಲೆಯ ಗೇಟನ್ನು ಬಿಡುತ್ತಾರೆಯೇ? ಹೇಳದೆ ಹೋದದ್ದಕ್ಕೆ ಸಿಟ್ಟಿರುವುದು ನನಗೆ ಗೊತ್ತು. ಗಣಪತಿ ಪೆಂಡಾಲಿನ ಚಂದಾ ಬಾಕಿ ಇಟ್ಟದ್ದೂ ಗೊತ್ತು. ಅದು ಬೇರೆ ಲೆಕ್ಕ.

ಗಣೇಶ ಪ್ರಸಾದ, 3ನೇ ತಿರುವು:
ಸರಿ, ಹಾಕುವುದಿಲ್ಲ. ಚಂದಾ ಮಾತ್ರ ನಾನು ಮರೆಯುವುದಿಲ್ಲ.

ಮೂಲೆ ಅಂಗಡಿ:
ಬೈಕಿನಲ್ಲಿ ಬಂದ ಇಬ್ಬರು ನನ್ನ ಬಳಿಯೂ ವಿಚಾರಿಸಿದರು. ಒಂದು ಸಿಗರೇಟು ಕೊಂಡು ಹತ್ತು ಪ್ರಶ್ನೆ ಕೇಳಿದರು. ಗೊತ್ತಿಲ್ಲ ಎಂದೆ. ಅಂಗಡಿಯ ಕ್ಯಾಮೆರಾದಲ್ಲಿ ಬೈಕಿನ ಸಂಖ್ಯೆ ಬಿದ್ದಿದೆ. ಹಳೆಯ ದೃಶ್ಯ ತಾನಾಗಿ ಅಳಿಸಿಹೋಗುತ್ತದೆ, ಬೇಕಾದವರು ಬೇಗ ಪೆನ್‌ಡ್ರೈವ್ ತನ್ನಿ.

ಮಾತೃಛಾಯಾ, 4ನೇ ತಿರುವು:
ಇಂದು ಸಂಜೆಯೇ ಬರುತ್ತೇನೆ.

ಔಟ್‌ಹೌಸ್, 6ನೇ ತಿರುವು:
ಕೇಳುವುದಕ್ಕೆ ಮುಜುಗರ, ಆದರೂ ಕೇಳುತ್ತೇನೆ. ನಾನು ಮಹಿಳೆಯರ ಗುಂಪಿನಲ್ಲಿ ಮೈಕ್ರೋಫೈನಾನ್ಸ್ ಸಾಲ ತೆಗೆದುಕೊಂಡಿದ್ದೇನೆ. ನನ್ನ ಕಂತು ಸರಿಯಾಗಿದೆ. ಖಾಲಿ ಮಾಡಿಹೋದ ಮಹಡಿ ಮನೆಯವರೂ ಅದೇ ಗುಂಪಿನಲ್ಲಿದ್ದರು. ಅವರ ಕಂತನ್ನು ನಾವೇ ತುಂಬಬೇಕೆಂದು ಕತ್ತಲಾಗುವವರೆಗೆ ಬಾಗಿಲಲ್ಲೇ ಕೂರುತ್ತಾರೆ. ನಾನೂ ‘ಬೇರೆಯವರ ಸಾಲ’ ಎನ್ನಬಹುದೇ?

ನಿವೃತ್ತ ಬ್ಯಾಂಕ್ ನೌಕರ, 1ನೇ ತಿರುವು:
ಮುಜುಗರ ಬೇಡಮ್ಮ, ಇಲ್ಲಿ ಬಂದ ಪ್ರಶ್ನೆಗಳಲ್ಲಿ ಕಷ್ಟದ್ದು ಇದೇ. ಗುಂಪಿನ ಸಾಲದಲ್ಲಿ ಒಬ್ಬರಿಗೊಬ್ಬರು ಹೊಣೆ ಎಂದು ಸಹಿ ಹಾಕಿಸಿಕೊಂಡಿರುತ್ತಾರೆ. ಹಾಗೆ ಹಾಕಿದ್ದರೆ ಸಂಬಂಧವೇ ಇಲ್ಲ ಎನ್ನಲು ಬರುವುದಿಲ್ಲ. ಸಾಲದ ಕಾರ್ಡು ಮತ್ತು ಒಪ್ಪಂದದ ಪ್ರತಿ ತನ್ನಿ, ಓದಿ ಹೇಳುತ್ತೇನೆ. ಆದರೆ ಹೊಣೆ ಇದ್ದರೂ ಕಿರುಕುಳ ಸಹಿಸಬೇಕಾಗಿಲ್ಲ. ಮೈಕ್ರೋಫೈನಾನ್ಸ್ ಸಾಲಕ್ಕೆ ವೇಳೆ ಇನ್ನೂ ಬಿಗಿ: ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಕಂತು ವಸೂಲು ಮಾಡಬೇಕಾದದ್ದು ಇಬ್ಬರೂ ಒಪ್ಪಿದ ಸ್ಥಳದಲ್ಲಿ. ಅಲ್ಲಿಗೆ ಸತತವಾಗಿ ಎರಡು ಸಲ ಅಥವಾ ಅದಕ್ಕಿಂತ ಹೆಚ್ಚು ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ಕಂತು ತಪ್ಪಿಸದ ನಿಮ್ಮ ಬಾಗಿಲಲ್ಲಿ ಅವರಿಗೇನು ಕೆಲಸ? ನೀವು ಗ್ರಾಹಕರು, ಮೊದಲು ಸಂಸ್ಥೆಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾಹಿತಿ ಕೊಡುತ್ತಾರೆ.

ತುಂಗಾ ಕೃಪಾ, 3ನೇ ತಿರುವು:
ಮನೆ ಖಾಲಿ ಮಾಡಿದವರ ಸರಕು ವಾಹನದ ಸಾಲಕ್ಕೆ ಜಾಮೀನು ಸಹಿ ಹಾಕಿದವನು ನಾನೇ. ನನ್ನನ್ನು ದೂರುದಾರರ ಪಟ್ಟಿಯಲ್ಲಿ ಸೇರಿಸಬೇಡಿ.

ನಿವೃತ್ತ ಬ್ಯಾಂಕ್ ನೌಕರ, 1ನೇ ತಿರುವು:
1872ರ ಕರಾರು ಕಾಯಿದೆಯ 128ನೇ ಕಲಮಿನಂತೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಗೆ ಸಮ, ಕರಾರಿನಲ್ಲಿ ಬೇರೆ ಹೇಳಿರದಿದ್ದರೆ. ನೀವು ಕಟ್ಟಬೇಕಾಗಿ ಬಂದರೆ ಆ ಮೊತ್ತವನ್ನು ಅವರಿಂದ ಪಡೆಯುವ ಹಕ್ಕನ್ನು 145ನೇ ಕಲಂ ಕೊಡುತ್ತದೆ. ವಾಹನ ಈಗ ಎಲ್ಲಿದೆ, ಬಾಕಿ ಎಷ್ಟು ಎಂಬುದನ್ನು ಲಿಖಿತವಾಗಿ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ ಮೊತ್ತವನ್ನು ನಂಬಬೇಡಿ. ರಾತ್ರಿ ಕರೆ, ಬೈಗುಳ ನಿಮಗೂ ಸಲ್ಲದು, ಅಷ್ಟರ ಮಟ್ಟಿಗೆ ನೀವೂ ದೂರು ಕೊಡಬಹುದು.

ಪಾರಿಜಾತ, 2ನೇ ತಿರುವು:
ನನಗೆ ಕರೆ ಮಾಡಿದವರು ನನ್ನ ಪ್ಯಾನ್ ಸಂಖ್ಯೆಯ ಕೊನೆಯ ಅಕ್ಷರಗಳನ್ನು ಓದಿ ಹೇಳಿದರು. ಎದೆ ಧಸಕ್ಕೆಂದಿತು.

ನಿವೃತ್ತ ಬ್ಯಾಂಕ್ ನೌಕರ, 1ನೇ ತಿರುವು:
ಇಂದೇ ನಿಮ್ಮ ಹೆಸರಿನ ಸಾಲಗಳ ದಾಖಲೆಯಾದ ಕ್ರೆಡಿಟ್ ವರದಿ ತೆಗೆಯಿರಿ. ಅದನ್ನು ಇಡುವ ಸಿಬಿಲ್ ಸೇರಿ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನೀವು ಮಾಡದ ಸಾಲ ಅದರಲ್ಲಿದ್ದರೆ ತಕರಾರು ದಾಖಲಿಸಿ. 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಿಗಬೇಕೆಂಬ ನಿಯಮವಿದೆ. ಜೊತೆಗೆ ಪೊಲೀಸ್ ದೂರು ಬೇಕೇ ಬೇಕು. ಏನೂ ಇಲ್ಲದಿದ್ದರೆ ಬರೀ ಹೆದರಿಸಿದ್ದಾರೆಂದು ತಿಳಿಯಿರಿ.

ಗಣೇಶ ಪ್ರಸಾದ, 3ನೇ ತಿರುವು:
ರಾಜ್ಯ ಸರ್ಕಾರ ಹೊಸ ಕಾನೂನು ತಂದಿತಲ್ಲ, ಅದು ಇಲ್ಲಿ ನಡೆಯುವುದಿಲ್ಲವೇ?

ಕಾರ್ಯದರ್ಶಿ, 2ನೇ ತಿರುವು:
2025ರ ಫೆಬ್ರುವರಿಯಲ್ಲಿ ಬಂದ ಸುಗ್ರೀವಾಜ್ಞೆಯಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡವಿತ್ತು. ದೂರು ದಾಖಲಿಸಲು ಪೊಲೀಸರು ನಿರಾಕರಿಸಬಾರದೆಂದೂ ಇತ್ತು. ನಮ್ಮಲ್ಲಿ ಬರುತ್ತಿರುವವರು ಬ್ಯಾಂಕಿನವರೋ, ಆಪ್‌ನವರೋ, ಮೀಟರ್ ಬಡ್ಡಿಯವರೋ ತಿಳಿಯದೆ ನಾವೇ ಕಲಂ ಬರೆಯುವುದು ಬೇಡ. ನಡೆದದ್ದನ್ನು ಬರೆಯೋಣ. ಬೆದರಿಕೆಗೆ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಇದೆ. ಉಳಿದದ್ದನ್ನು ಠಾಣೆಯವರು ನೋಡಿಕೊಳ್ಳಲಿ.

ಈಗ ತೀರ್ಮಾನ. ಭಾನುವಾರ ಸಂಜೆ ನಾಲ್ಕಕ್ಕೆ ಉದ್ಯಾನದ ಕಟ್ಟೆ, ಮಳೆ ಬಂದರೆ ನಮ್ಮ ಮನೆಯ ಜಗಲಿ. ಪಾಲಿಕೆಯವರು ಬಂದಾಗ ಮಾಡಿದಂತೆ ಎಲ್ಲರೂ ಒಟ್ಟಿಗೆ ಮಾತನಾಡಬಾರದು. ಠಾಣೆಗೆ ಹೋಗುವ ಅರ್ಜಿ ಒಂದೇ, ಅದಕ್ಕೆ ಪ್ರತಿ ಮನೆಯ ವಿವರದ ಪ್ರತ್ಯೇಕ ಹಾಳೆ ಲಗತ್ತಾಗುತ್ತದೆ. ಕರೆಗಳ ಪಟ್ಟಿಯ ಚಿತ್ರ, ಧ್ವನಿಮುದ್ರಣ ಇದ್ದವರು ನನಗೊಬ್ಬನಿಗೇ ಕಳುಹಿಸಿ, ಗುಂಪಿಗೆ ಬೇಡ. ಸಾಲಗಾರರ ಹೆಸರನ್ನು ನಾವೇ ಊರಿಗೆಲ್ಲ ಹಂಚಿದಂತಾಗುತ್ತದೆ. ಸೋಮವಾರ ಬೆಳಗ್ಗೆ ಮಾತೃಛಾಯಾದವರು, ಸಹ್ಯಾದ್ರಿ ನಿಲಯದವರು ಮತ್ತು ನಾನು ಠಾಣೆಗೆ ಹೋಗುತ್ತೇವೆ. ಅಷ್ಟರೊಳಗೆ ಯಾರಾದರೂ ಮನೆಗೆ ಬಂದು ಗಲಾಟೆ ಮಾಡಿದರೆ ನನಗೆ ಕಾಯಬೇಡಿ, 112ಕ್ಕೆ ಕರೆ ಮಾಡಿ.

ಔಟ್‌ಹೌಸ್, 6ನೇ ತಿರುವು:
ನಾನೂ ಠಾಣೆಗೆ ಬರುತ್ತೇನೆ. ಕೆಲಸಕ್ಕೆ ಹನ್ನೊಂದಕ್ಕೆ ಹೋದರೆ ಸಾಕು.

ಮಾತೃಛಾಯಾ, 4ನೇ ತಿರುವು:
ಕ್ಯಾಮೆರಾ ದೃಶ್ಯ ಸಿಕ್ಕಿತು, ಬೈಕಿನ ಸಂಖ್ಯೆ ಸ್ಪಷ್ಟವಾಗಿದೆ. ಗೇಟಿನ ಕಾಗದವನ್ನು ಹರಿಯದೆ ಬಿಡಿಸಿ ಒಣಗಿಸಿಟ್ಟಿದ್ದೇನೆ, ಅದನ್ನೂ ತರಬೇಕೇ?

ಕಾರ್ಯದರ್ಶಿ, 2ನೇ ತಿರುವು:
ತನ್ನಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ. ಠಾಣೆಯಲ್ಲಿ ಮೂಲ ಕಾಗದ ಕೊಟ್ಟರೆ ಸ್ವೀಕೃತಿಯಲ್ಲಿ ಅದನ್ನು ಬರೆಸಿಕೊಳ್ಳೋಣ. ಅರ್ಜಿಯ ಮೂರು ಪ್ರತಿ ಬೇಕು. ಮೂಲೆ ಅಂಗಡಿಯ ಝೆರಾಕ್ಸ್ ಯಂತ್ರ ಕೆಟ್ಟಿದೆಯಂತೆ, 100 ಅಡಿ ರಸ್ತೆಗೆ ಹೋಗುವವರು ಯಾರಾದರೂ ಇದ್ದೀರಾ?