ಸಹಾಯ ಬೇಕು: ಅಟ್ಟದಲ್ಲಿ ಕಬ್ಬೆಕ್ಕು ಮರಿ ಹಾಕಿದೆ

ತೀರ್ಥಹಳ್ಳಿ ಕಡೆ ಹಂಚಿನ ಮನೆ ನಮ್ಮದು. ಅಟ್ಟಕ್ಕೆ ಕಬ್ಬೆಕ್ಕು (ಪುನುಗು ಬೆಕ್ಕಿನ ಜಾತಿಯ ಕಾಡುಪ್ರಾಣಿ) ಸೇರಿಕೊಂಡಿದೆ. ರಾತ್ರಿಯಿಡೀ ದಡಬಡ ಸದ್ದು, ಮುಚ್ಚಿಗೆ ಹಲಗೆ ಮೇಲೆ ಉಚ್ಚೆ ಕಲೆ, ಮೂಲೇಲಿ ಬೈನೆ ಬೀಜ ತುಂಬಿದ ಹಿಕ್ಕೆ ರಾಶಿ. ನುಸಿಗುಳಿಗೆ ಇಟ್ಟೆ, ಬಲ್ಬ್ ಉರಿಸಿದೆ, ರೇಡಿಯೋನೂ ಹಾಕಿದೆ. ಜಗ್ಗಲಿಲ್ಲ.

ವಿಷ ಇಡು ಅಂತಾರೆ ಕೆಲವರು. ಆಗಲ್ಲ, ಅದು 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ ಪ್ರಾಣಿ. ಮೇಲಾಗಿ ಒಳಗೇ ಸತ್ತರೆ ನಾರೋದು ನಮ್ಮ ತಲೆ ಮೇಲೇ!

ಓಡಾಡೋ ದಾರಿ ಸಿಕ್ಕಿದೆ: ಗೋಡೆಯಂಚಿನಲ್ಲಿ ಸರಿದ ಒಂದು ಹಂಚು. ತಾಯಿ ಹೊರಗೆ ಹೋದಾಗ ತಂತಿಬಲೆ ಹೊಡೆದು ಮುಚ್ಚಬಹುದು. ಆದರೆ ಮರಿಗಳ ಕೀಚಲು ಕೇಳಿಸ್ತಿದೆ, ಅವು ಒಳಗೇ ಸಿಕ್ಕಿಬಿದ್ದರೆ ಕಥೆ ಮುಗೀತು.

ಮರಿಗಳೂ ತಾಯಿ ಜೊತೆ ಹೊರಡ್ತಿವೆ, ಅಟ್ಟ ಖಾಲಿ ಇದೆ ಅಂತ ಮುಚ್ಚೋ ಮೊದಲು ಖಾತ್ರಿ ಮಾಡ್ಕೊಳ್ಳೋದು ಹೇಗೆ? ಹೀಗೆ ಮಾಡಿ ನೋಡಿದವರು ದಯವಿಟ್ಟು ತಿಳಿಸಿ.