ಅಂಗೈಯ ಮೇಲಿನ ಕಲೆಗಳು ಲೈಂಗಿಕ ರೋಗದ ಲಕ್ಷಣವಿರಬಹುದೇ?

ಪ್ರಶ್ನೆ: ಕೆಲವು ದಿನಗಳಿಂದ ನನ್ನ ಎದೆ, ಅಂಗೈ ಮತ್ತು ಅಂಗಾಲುಗಳಲ್ಲಿ ತಾಮ್ರವರ್ಣದ ಚಿಕ್ಕ ಕಲೆಗಳು ಕಾಣಿಸಿಕೊಂಡಿದ್ದು, ಅವು ತುರಿಸುವುದೂ ಇಲ್ಲ, ನೋಯುವುದೂ ಇಲ್ಲ. ಎರಡು ತಿಂಗಳ ಹಿಂದೆ ಕಾಂಡೋಮ್ ಇಲ್ಲದೆ ಲೈಂಗಿಕ ಸಂಪರ್ಕವಾಗಿತ್ತು. ಔಷಧದಂಗಡಿಯವರು ಹುಳುಕಡ್ಡಿಯೆಂದು ಮುಲಾಮು ಕೊಟ್ಟಿದ್ದಾರೆ. ಊರಿನ ವೈದ್ಯರು ನಮ್ಮ ತಂದೆಯವರಿಗೆ ಪರಿಚಿತರಾದ್ದರಿಂದ ಅವರಲ್ಲಿಗೆ ಹೋಗಲು ಸಂಕೋಚವಾಗುತ್ತಿದೆ.

ಉತ್ತರ 1: ತುರಿಕೆಯಿಲ್ಲದ ಕಲೆಗಳು ಅಂಗೈ, ಅಂಗಾಲುಗಳಲ್ಲಿಯೂ ಕಂಡಾಗ ಸಿಫಿಲಿಸ್ ಎಂಬ ಲೈಂಗಿಕ ರೋಗದ ಎರಡನೆಯ ಹಂತವನ್ನು ಪರಿಗಣಿಸಲೇಬೇಕು. ಮೊದಲ ಹಂತದ ಹುಣ್ಣು ನೋಯದೆ ತಾನಾಗಿಯೇ ಮಾಯುವುದರಿಂದ ಅನೇಕರ ಗಮನಕ್ಕೇ ಬರುವುದಿಲ್ಲ. ಈ ಕಲೆಗಳೂ ಚಿಕಿತ್ಸೆಯಿಲ್ಲದೆ ಮರೆಯಾಗಬಹುದಾದರೂ ರೋಗಾಣು ದೇಹದಲ್ಲಿ ಉಳಿದು, ವರ್ಷಗಳ ನಂತರ ಹೃದಯ, ಮಿದುಳುಗಳಿಗೆ ಹಾನಿ ಮಾಡಬಲ್ಲದು. ಔಷಧದ ಅಲರ್ಜಿಯಿಂದಲೂ ಇಂತಹ ಕಲೆಗಳು ಬರುವುದುಂಟು. ಆದ್ದರಿಂದ ಕಲೆಗಳನ್ನು ನೋಡಿಯಷ್ಟೇ ನಿರ್ಣಯಿಸುವುದು ಸರಿಯಲ್ಲ. ಸಿಫಿಲಿಸ್ ಪತ್ತೆಹಚ್ಚುವ ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ರಕ್ತಪರೀಕ್ಷೆ ಮಾಡಿಸಿ, ಜೊತೆಗೆ ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ.

ಉತ್ತರ 2: ಸಂಕೋಚವಿದ್ದರೆ ಬೇರೆ ಊರಿನ ಜಿಲ್ಲಾಸ್ಪತ್ರೆಗೆ ಹೋಗಬಹುದು. ಅಲ್ಲಿನ ಸುರಕ್ಷಾ ಕ್ಲಿನಿಕ್‌ನಲ್ಲಿ ಲೈಂಗಿಕ ರೋಗಗಳಿಗೆ ಉಚಿತ ಚಿಕಿತ್ಸೆಯಿದ್ದು, ಮಾಹಿತಿಯನ್ನು ಗೋಪ್ಯವಾಗಿಡುತ್ತಾರೆ. ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೂ ಉಚಿತವಾಗಿ ಕರೆ ಮಾಡಬಹುದು.

ಉತ್ತರ 3: ಆ ಮುಲಾಮನ್ನು ದಯವಿಟ್ಟು ನಿಲ್ಲಿಸಿ, ಅಂಗಡಿಯಲ್ಲಿ ಕೇಳಿದೊಡನೆ ಸಿಗುವ ಇಂತಹ ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು (ನಮ್ಮಲ್ಲಿ ಇದು ತೀರಾ ಸಾಮಾನ್ಯ) ಕಲೆಗಳ ಸ್ವರೂಪವನ್ನೇ ಬದಲಿಸಿ ವೈದ್ಯರಿಗೆ ಗುರುತಿಸುವುದನ್ನು ಕಷ್ಟವಾಗಿಸುತ್ತದೆ. ಸಿಫಿಲಿಸ್ ಎಂದು ಖಚಿತವಾದರೆ ಪೆನಿಸಿಲಿನ್ ಚುಚ್ಚುಮದ್ದಿನಿಂದ ಗುಣವಾಗುತ್ತದೆ, ಆದರೆ ನಿಮಗೆ ಅದರ ಅಲರ್ಜಿಯಿದ್ದರೆ ಮೊದಲೇ ತಿಳಿಸಬೇಕು. ಸಂಗಾತಿಯೂ ಪರೀಕ್ಷಿಸಿಕೊಳ್ಳಲಿ, ವೈದ್ಯರು ಹೇಳುವವರೆಗೆ ಲೈಂಗಿಕ ಸಂಪರ್ಕ ಬೇಡ.