ಸಹಾಯ ಬೇಕು: ಬಿಸಿ ಪುನರ್ಪುಳಿ (ಕೋಕಂ) ಪಾಕಕ್ಕೆ ಬಾಟಲಿ ಬಿರಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ತಿರ ಮನೆಯಲ್ಲೇ ಪುನರ್ಪುಳಿ ಸಿರಪ್ ಮಾಡಿ ಗಾಜಿನ ಬಾಟಲಿಯಲ್ಲಿ ಮಾರ್ತೇವೆ. ಈ ಸಲ ಎಂತ ಗ್ರಹಚಾರವೋ, ಒಂದೇ ದಿನ 20ರಲ್ಲಿ 3 ಬಾಟಲಿ ಹೋಯ್ತು. ಪಾಕ ಸುಮಾರು 85 ಡಿಗ್ರಿ ಇರುವಾಗ ಹೊಯ್ಯುವುದು. ಟಿಕ್ ಅಂತ ಒಂದು ಸದ್ದು, ತಳದ ಸುತ್ತ ದಾರ ಎಳೆದ ಹಾಗೆ ಬಿರುಕು. ಎತ್ತಿದರೆ ಬಾಟಲಿ ಕೈಯಲ್ಲಿ, ತಳ ಗ್ರಾನೈಟ್ ಕಟ್ಟೆಯ ಮೇಲೆ! ಅತ್ತೆಯ ಬಿಳಿ ಸೀರೆ ಕೆಂಪಾಯ್ತು, ಆ ಕತೆ ಬೇಡ.

ಕಾರಣ ಗೊತ್ತುಂಟು. ಗಾಜಿನಲ್ಲಿ ಶಾಖ ನಿಧಾನವಾಗಿ ಸಾಗುತ್ತದೆ. ಒಳಮೈ ಹಿಗ್ಗಿದರೂ ಹೊರಮೈ ತಣ್ಣಗೇ ಇದ್ದು, ಎಳೆತಕ್ಕೆ ಸೀಳುತ್ತದೆ. ದಪ್ಪ ತಳಕ್ಕೇ ಪೆಟ್ಟು ಹೆಚ್ಚು. ಬೋರೋಸಿಲಿಕೇಟ್ ಗಾಜು ಮಾಮೂಲಿ ಗಾಜಿನ ಮೂರನೇ ಒಂದರಷ್ಟೇ ಹಿಗ್ಗುವುದರಿಂದ ತಡೆಯುತ್ತದೆ, ಆದರೆ ಅದರ ರೇಟಿಗೆ ನಮ್ಮ ವ್ಯಾಪಾರ ಮುಗಿದ ಹಾಗೆ.

ಬಾಟಲಿಗಳನ್ನು ಮೊದಲೇ ಬಿಸಿನೀರಲ್ಲಿಟ್ಟು, ಮರದ ಹಲಗೆ ಮೇಲೆ ಇಟ್ಟು ತುಂಬಿಸುವವರು ಯಾರಾದರೂ ಇದ್ದೀರಾ? ನೂರು ಬಾಟಲಿಗೆ ಅದು ಹೇಗೆ ಸುಧಾರಿಸ್ತೀರಿ? ಮಂಗಳೂರಿನಲ್ಲಿ ತಳ ತೆಳ್ಳಗಿರುವ ಬಾಟಲಿ ಹೋಲ್‌ಸೇಲಲ್ಲಿ ಎಲ್ಲಿ ಸಿಗ್ತದೆ?

ಇನ್ನೊಂದು. ಗಿರಾಕಿಯೊಬ್ಬರು ನೀರು ಬೆರೆಸಿದ ಜ್ಯೂಸನ್ನು ಅದೇ ಬಾಟಲಿಗೆ ಕಂಠಮಟ್ಟ ತುಂಬಿಸಿ ಫ್ರೀಜರಲ್ಲಿಟ್ಟು ಒಡೆದುಕೊಂಡು ನಮಗೇ ಬೈದರು. ನೀರು ಮಂಜುಗಡ್ಡೆಯಾಗುವಾಗ ಶೇಕಡಾ 9ರಷ್ಟು ಉಬ್ಬುತ್ತದೆ ಮಾರಾಯ್ರೆ, ಗಾಜು ಎಂತ ಮಾಡ್ಲಿಕ್ಕುಂಟು? ಲೇಬಲ್ಲಿನಲ್ಲಿ ಇದನ್ನು ಚಿಕ್ಕದಾಗಿ ಹೇಗೆ ಬರೆಯುವುದು, ಹೇಳಿ.